ಕಮಲ ಬಸದಿಯ ಕಂಬ, ಖಾನಾಪುರದ ಕೆಮ್ಮಣ್ಣು: ಡಿಜಿಟಲ್ ಚಿತ್ರಗಳ ಬಣ್ಣ ತಿದ್ದುವ ವಿದ್ಯೆ

ಬೆಳಗಾವಿ ಕೋಟೆಯೊಳಗಿನ ಕಮಲ ಬಸದಿಯು ರಟ್ಟರ ನಾಲ್ಕನೆಯ ಕಾರ್ತವೀರ್ಯನ ಆಳ್ವಿಕೆಯಲ್ಲಿ ಅವನ ಮಂತ್ರಿ ಬೀಚಿರಾಜನು 1204ರಲ್ಲಿ ಕಟ್ಟಿಸಿದ ಜಿನಾಲಯವಾಗಿದ್ದು, ಮಂಟಪದ ಛತ್ತಿನಲ್ಲಿ ಅರಳಿದ ಕಲ್ಲಿನ ಕಮಲದಿಂದ ಅದಕ್ಕೆ ಆ ಹೆಸರು ಬಂದಿದೆ. ನುಣುಪಾಗಿ ಕಡೆದ ಕಂಬಗಳ ಈ ಮಂಟಪಕ್ಕೆ ಹೊರಗಿನಿಂದ ಬಯಲಿನ ಬೆಳಕು ಬರುತ್ತದೆ. ಒಳಗೆ ದೀಪ ಹಚ್ಚಿದ್ದರೆ ಗರ್ಭಗೃಹದ ಕಡೆಯಿಂದ ಇನ್ನೊಂದು ಬಗೆಯ ಬೆಳಕು ಸೇರುತ್ತದೆ. ನಿಂತು ನೋಡುವವರಿಗೆ ಎಲ್ಲ ಕಂಬಗಳೂ ಒಂದೇ ಕಲ್ಲಿನವೆಂದು ತೋರಿದರೂ, ಕ್ಯಾಮೆರಾ ಹಿಡಿದ ಚಿತ್ರದಲ್ಲಿ ಬಾಗಿಲ ಬಳಿಯ ಕಂಬ ನೀಲಿಗೆ ವಾಲಿರುತ್ತದೆ, ಒಳಗಿನದು ಕಿತ್ತಳೆಗೆ ವಾಲಿರುತ್ತದೆ. ಈ ವ್ಯತ್ಯಾಸ ಎಲ್ಲಿಂದ ಹುಟ್ಟಿತು, ಅದರಲ್ಲಿ ಎಷ್ಟನ್ನು ತೆಗೆಯಬೇಕು, ಎಷ್ಟನ್ನು ಉಳಿಸಬೇಕು ಎಂಬುದನ್ನು ಅರಿತು ಚಿತ್ರವನ್ನು ಸರಿಪಡಿಸುವ ಕೆಲಸವೇ ವರ್ಣ ತಿದ್ದುಪಡಿ. ಸ್ಟುಡಿಯೋಗಳಲ್ಲಿ ಎಲ್ಲರೂ ಅದನ್ನು ಕಲರ್ ಕರೆಕ್ಷನ್ ಎಂದೇ ಕರೆಯುತ್ತಾರೆ. ಚಿತ್ರಕ್ಕೆ ರಂಗೇರಿಸುವುದು ಇದರ ಗುರಿಯಲ್ಲ. ಕ್ಯಾಮೆರಾ ಮತ್ತು ಕೃತಕ ದೀಪಗಳು ತಂದಿಟ್ಟ ಪಕ್ಷಪಾತವನ್ನು ಕಳೆದು, ಆ ಊರಿನ, ಆ ಹೊತ್ತಿನ ಬೆಳಕಿಗೆ ಸಹಜವಾಗಿ ಸೇರಿದ ಬಣ್ಣವನ್ನು ಕೈಬಿಡದೆ ಕಾಪಾಡುವುದು ಇದರ ಗುರಿ.

ಮನುಷ್ಯನ ಕಣ್ಣು ಬೆಳಕಿನ ಬಣ್ಣಕ್ಕೆ ತನ್ನನ್ನು ತಾನೇ ಹೊಂದಿಸಿಕೊಳ್ಳುತ್ತದೆ. ಬಿಳಿಯ ಧೋತರವನ್ನು ಬಿಸಿಲಲ್ಲಿ ನೋಡಿದರೂ ಹಳೆಯ ತಂತಿ ಬಲ್ಬಿನ ಕೆಳಗೆ ನೋಡಿದರೂ ಬಿಳಿಯೆಂದೇ ತಿಳಿಯುವಂತೆ ಕಣ್ಣು ಮತ್ತು ಮಿದುಳು ಒಟ್ಟಾಗಿ ಲೆಕ್ಕ ಹಾಕುತ್ತವೆ. ಕ್ಯಾಮೆರಾಕ್ಕೆ ಇಂಥ ಹೊಂದಾಣಿಕೆ ಇಲ್ಲ, ಅದು ಬಂದ ಬೆಳಕನ್ನು ಬಂದಂತೆಯೇ ಅಳೆಯುತ್ತದೆ. ಬೆಳಕಿನ ಈ ಗುಣವನ್ನು ಕೆಲ್ವಿನ್ ಎಂಬ ಮಾನದಲ್ಲಿ, ವರ್ಣತಾಪವೆಂಬ ಹೆಸರಿನಿಂದ ಹೇಳುವುದು ರೂಢಿ. ತಂತಿ ಬಲ್ಬಿನ ಬೆಳಕು ಸುಮಾರು 2700 ಕೆಲ್ವಿನ್, ನಡುಹಗಲಿನ ಬಿಸಿಲು ಸುಮಾರು 5500, ಮೋಡ ಕವಿದ ಆಕಾಶ 6500ರ ಆಸುಪಾಸು, ನೀಲಿ ಆಕಾಶದಿಂದಷ್ಟೇ ಬೆಳಗಿದ ನೆರಳು 7500 ಅಥವಾ ಅದಕ್ಕೂ ಮೇಲೆ. ಕಾದ ಕಬ್ಬಿಣ ಮೊದಲು ಕೆಂಪಾಗಿ, ಶಾಖ ಏರಿದಂತೆ ಬೆಳ್ಳಗಾಗುತ್ತದೆ. ವರ್ಣತಾಪದ ಲೆಕ್ಕವೂ ಇದೇ ಹಾದಿಯದಾದ್ದರಿಂದ ಅಂಕಿ ಏರಿದಷ್ಟೂ ಬೆಳಕು ನೀಲಿಯಾಗುತ್ತದೆ.

ಕ್ಯಾಮೆರಾದ ಸಂವೇದಕಕ್ಕೆ, ಅಂದರೆ ಬೆಳಕನ್ನು ವಿದ್ಯುತ್ ಸಂಕೇತವಾಗಿಸುವ ತುಣುಕಿಗೆ, ಸ್ವತಃ ಬಣ್ಣ ಗೊತ್ತಾಗುವುದಿಲ್ಲ. ಕೊಡಾಕ್ ಸಂಸ್ಥೆಯ ವಿಜ್ಞಾನಿ ಬ್ರೈಸ್ ಬೇಯರ್ ರೂಪಿಸಿ 1976ರಲ್ಲಿ ಪೇಟೆಂಟ್ ಪಡೆದ ವ್ಯವಸ್ಥೆಯಂತೆ, ಅದರ ಪ್ರತಿಯೊಂದು ಬಿಂದುವಿನ ಮೇಲೂ ಕೆಂಪು, ಹಸಿರು ಅಥವಾ ನೀಲಿಯ ಒಂದು ಪುಟ್ಟ ಸೋಸುಗಾಜು ಇರುತ್ತದೆ. ಅರ್ಧದಷ್ಟು ಬಿಂದುಗಳು ಹಸಿರಿಗೆ, ಕಾಲುಭಾಗ ಕೆಂಪಿಗೆ, ಕಾಲುಭಾಗ ನೀಲಿಗೆ ಮೀಸಲು. ವೈಟ್ ಬ್ಯಾಲೆನ್ಸ್ ಎಂಬ ಹೊಂದಾಣಿಕೆಯು ಮೂಲತಃ ಕೆಂಪು ಮತ್ತು ನೀಲಿಯ ಅಳತೆಗಳನ್ನು ಹಸಿರಿಗೆ ಸರಿಯಾಗುವಂತೆ ಗುಣಿಸುವ ಲೆಕ್ಕವಷ್ಟೆ. ಹಳದಿ ದೀಪದಡಿ ನೀಲಿಯ ಸಂಕೇತ ಬಹಳ ಕ್ಷೀಣವಾಗಿರುವುದರಿಂದ ಅದನ್ನು ಹೆಚ್ಚು ಗುಣಿಸಬೇಕಾಗುತ್ತದೆ, ಗುಣಿಸಿದಾಗ ಅದರೊಳಗಿನ ಕಸವೂ ಬೆಳೆಯುತ್ತದೆ. ಮದುವೆ ಮನೆಯ ಚಿತ್ರಗಳ ಕತ್ತಲ ಭಾಗದಲ್ಲಿ ಕಾಳುಕಾಳಾಗಿ ಕಾಣುವ ಬಣ್ಣದ ಚುಕ್ಕೆಗಳಿಗೆ ಇದೂ ಒಂದು ಕಾರಣ. ಜೆಪೆಗ್ ಕಡತದಲ್ಲಿ ಈ ಲೆಕ್ಕ ಕ್ಯಾಮೆರಾದೊಳಗೇ ಮುಗಿದು ಪ್ರತಿ ಬಣ್ಣಕ್ಕೆ 256 ಮೆಟ್ಟಿಲುಗಳು ಮಾತ್ರ ಉಳಿಯುತ್ತವೆ, ಆದರೆ ಸಂವೇದಕದ ಅಳತೆಗಳನ್ನು ಹಾಗೆಯೇ ಉಳಿಸುವ 14 ಬಿಟ್‌ನ ರಾ ಕಡತದಲ್ಲಿ 16,384 ಮೆಟ್ಟಿಲುಗಳಿರುತ್ತವೆ ಮತ್ತು ವೈಟ್ ಬ್ಯಾಲೆನ್ಸ್ ಇನ್ನೂ ತೀರ್ಮಾನವಾಗಿರುವುದಿಲ್ಲ. ಗಂಭೀರ ತಿದ್ದುಪಡಿಯನ್ನು ಕಲಿಯಬೇಕೆನ್ನುವವರು ರಾ ಕಡತದಲ್ಲೇ ಚಿತ್ರ ತೆಗೆಯಬೇಕು ಎನ್ನುವುದಕ್ಕೆ ಇದಕ್ಕಿಂತ ಬೇರೆ ಕಾರಣ ಬೇಕಿಲ್ಲ.

ಕ್ಯಾಮೆರಾ ತಾನಾಗಿಯೇ ವೈಟ್ ಬ್ಯಾಲೆನ್ಸ್ ಆರಿಸುವಾಗ ಬಳಸುವ ಹಳೆಯ ಮತ್ತು ಸರಳ ಊಹೆಯೊಂದಿದೆ: ಯಾವುದೇ ದೃಶ್ಯದ ಎಲ್ಲ ಬಣ್ಣಗಳನ್ನು ಕಲಸಿದರೆ ಬೂದು ಬಣ್ಣ ಬರುತ್ತದೆ ಎಂಬುದು. ಇಂದಿನ ಕ್ಯಾಮೆರಾಗಳು ಇದಕ್ಕೆ ಇನ್ನೂ ಹಲವು ಉಪಾಯಗಳನ್ನು ಜೋಡಿಸಿಕೊಂಡಿದ್ದರೂ ಈ ಊಹೆಯ ಎಳೆ ಪೂರ್ತಿ ಹೋಗಿಲ್ಲ, ಹಾಗಾಗಿ ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನಲ್ಲಿ ಅದು ಮತ್ತೆ ಮತ್ತೆ ಸೋಲುತ್ತದೆ. ಹಂಚು, ಇಟ್ಟಿಗೆ, ಮಡಕೆಗಳಿಗೆ ಹೆಸರಾದ ಆ ನೆಲದ ಕೆಮ್ಮಣ್ಣು ಚೌಕಟ್ಟನ್ನೆಲ್ಲ ತುಂಬಿದಾಗ, ಕ್ಯಾಮೆರಾ ಅದನ್ನು ಕೆಂಪು ಬೆಳಕೆಂದು ತಪ್ಪು ತಿಳಿದು ನೀಲಿಯನ್ನು ಸುರಿಯುತ್ತದೆ, ಮಣ್ಣು ಸಿಮೆಂಟಿನಂತೆ ಸಪ್ಪೆಯಾಗುತ್ತದೆ. ಜಾಂಬೋಟಿ, ಕಣಕುಂಬಿಯ ಮಳೆಗಾಲದ ಕಾಡಿನಲ್ಲಿ ಚೌಕಟ್ಟೆಲ್ಲ ಹಸಿರಾದಾಗ ಅದೇ ಕ್ಯಾಮೆರಾ ಹಸಿರಿಗೆ ಎದುರಾದ ಗುಲಾಬಿಗೆಂಪನ್ನು ಬೆರೆಸಿ, ಎಲೆಗಳನ್ನು ಬಾಡಿಸಿ, ಮರದ ಕಾಂಡಗಳಿಗೆ ನೇರಳೆ ಛಾಯೆ ಹಚ್ಚುತ್ತದೆ. ಊರಿನ ನಿಜವಾದ ಬಣ್ಣವನ್ನೇ ದೋಷವೆಂದು ಬಗೆದು ಅಳಿಸಿಹಾಕುವ ಈ ಬಗೆಯ ತಪ್ಪು, ಬಣ್ಣ ಅತಿಯಾಗುವ ತಪ್ಪಿಗಿಂತ ಕೆಟ್ಟದ್ದು, ಏಕೆಂದರೆ ಅದು ನೋಡುಗನ ಗಮನಕ್ಕೆ ಬರುವುದೇ ಇಲ್ಲ.

ಆದ್ದರಿಂದ ಮುಂದುವರಿದ ತಿದ್ದುಪಡಿಯ ಮೊದಲ ಪಾಠ ಕಣ್ಣನ್ನು ನಂಬದೆ ಅಂಕಿಯನ್ನು ನಂಬುವುದು. ಅಮೆರಿಕದ ಲೇಖಕ ಡಾನ್ ಮಾರ್ಗುಲಿಸ್ 1990ರ ದಶಕದಿಂದ ತಮ್ಮ ಬರಹಗಳಲ್ಲಿ ಪಟ್ಟುಹಿಡಿದು ಹೇಳುತ್ತ ಬಂದ ಮಾತಿದು. ತಂತ್ರಾಂಶದಲ್ಲಿ ಚಿತ್ರದ ಯಾವುದೇ ಬಿಂದುವಿನ ಮೇಲೆ ಬಾಣವನ್ನಿಟ್ಟರೆ ಅಲ್ಲಿನ ಕೆಂಪು, ಹಸಿರು, ನೀಲಿಗಳ ಅಳತೆ 0ಯಿಂದ 255ರವರೆಗಿನ ಅಂಕಿಗಳಲ್ಲಿ ಕಾಣುತ್ತದೆ. ಮೂರೂ ಸಮವಾಗಿದ್ದರೆ ಆ ಬಿಂದು ಬಣ್ಣವಿಲ್ಲದ ಬೂದು, ಒಂದು ಏರಿದ್ದರೆ ಆ ಬಣ್ಣದ ಸೋಂಕು. ಕಮಲ ಬಸದಿಯ ಕಲ್ಲು ಕಪ್ಪಾಗಿ ಕಂಡರೂ ಅದರಲ್ಲಿ ತುಸು ಹಸಿರೋ ಕಂದೋ ಇರಬಹುದಾದ್ದರಿಂದ ಅದನ್ನೇ ಅಳತೆಗೋಲಾಗಿ ಹಿಡಿಯುವಂತಿಲ್ಲ. ಬದಲಿಗೆ ಬಿದ್ದ ಬೆಳಕಿನ ಶೇಕಡ 18 ಭಾಗವನ್ನು ಮರಳಿಸುವ ಬೂದುಹಲಗೆಯನ್ನು ಕಂಬದ ಪಕ್ಕದಲ್ಲಿ ಹಿಡಿದು ಒಂದು ಚಿತ್ರ ತೆಗೆದಿಟ್ಟುಕೊಳ್ಳಬೇಕು. ಸರಿಯಾದ ಬೆಳಕಿನಳತೆಯಲ್ಲಿ ತೆಗೆದರೆ ಸಾಮಾನ್ಯ ಪರದೆಗಳ ವರ್ಣವ್ಯವಸ್ಥೆಯಲ್ಲಿ ಈ ಹಲಗೆಯ ಮೂರೂ ಅಂಕಿಗಳು ಸುಮಾರು 118 ಇರಬೇಕು. ಬಾಗಿಲ ಬಳಿ ಹಿಡಿದ ಹಲಗೆ 104, 118, 136 ಎಂದು ತೋರಿದರೆ ಅಲ್ಲಿ ಕೆಂಪು ಕಡಿಮೆಯಾಗಿ ನೀಲಿ ಹೆಚ್ಚಾಗಿದೆ. ಒಳಗೆ ದೀಪದ ಬಳಿ ಹಿಡಿದದ್ದು 150, 118, 78 ಎಂದರೆ ತದ್ವಿರುದ್ಧ. ಬಾಗಿಲ ಬಳಿಯ ಹಲಗೆಯನ್ನು ನೋಡಿ ಇಡೀ ಚಿತ್ರಕ್ಕೆ ಕೆಂಪು ಏರಿಸಿದರೆ, ಮೊದಲೇ ಕಿತ್ತಳೆಯಾಗಿದ್ದ ಒಳಗಿನ ಕಂಬ ಉರಿಯುವ ಕೆಂಡದ ಬಣ್ಣಕ್ಕೆ ಹೋಗುತ್ತದೆ.

ಇಲ್ಲಿ ನೆರವಿಗೆ ಬರುವುದು ಮಾಸ್ಕ್, ಅಂದರೆ ತಿದ್ದುಪಡಿಯು ಚಿತ್ರದ ಯಾವ ಭಾಗಕ್ಕೆ ತಾಗಬೇಕು, ಯಾವ ಭಾಗಕ್ಕೆ ತಾಗಬಾರದು ಎಂದು ಗುರುತಿಸುವ ಅಗೋಚರ ಮುಸುಕು. ಬಾಗಿಲಿನಿಂದ ಒಳಕ್ಕೆ ಮೆಲ್ಲನೆ ಕರಗುವ ಒಂದು ಮುಸುಕಿಗೆ ಬಯಲ ಬೆಳಕಿನ ಕೆಲ್ವಿನ್ ಅಂಕಿಯನ್ನೂ, ಒಳಗಿನಿಂದ ಹೊರಕ್ಕೆ ಕರಗುವ ಇನ್ನೊಂದಕ್ಕೆ ದೀಪದ ಅಂಕಿಯನ್ನೂ ಕೊಟ್ಟರೆ ಎರಡೂ ಬೆಳಕುಗಳು ನಡುವೆ ಎಲ್ಲೋ ಸಂಧಿಸುತ್ತವೆ. ಆದರೆ ಎರಡನ್ನೂ ನೂರಕ್ಕೆ ನೂರು ಸಮಮಾಡಿದ ಚಿತ್ರದಲ್ಲಿ ಗರ್ಭಗೃಹ ಹಗಲಿನ ಕಚೇರಿಯಂತೆ ಕಾಣುತ್ತದೆ. ದೀಪವಿದೆ, ದೀಪದ ಬೆಳಕಿಲ್ಲ. ಒಳಗಿನ ಬೆಚ್ಚಗಿನ ಛಾಯೆಯನ್ನು ಪೂರ್ತಿ ತೊಳೆಯದೆ ಸ್ವಲ್ಪ ಉಳಿಸುವುದೇ ಸರಿ, ಎಷ್ಟು ಉಳಿಸಬೇಕೆಂಬುದಕ್ಕೆ ಸೂತ್ರವಿಲ್ಲ. ಅಂಕಿಯಿಂದ ಆರಂಭವಾದ ಕೆಲಸ ಇಲ್ಲಿ ವಿವೇಚನೆಗೆ ಬಂದು ನಿಲ್ಲುತ್ತದೆ, ಮತ್ತು ಎಲ್ಲಿಯವರೆಗೆ ಅಂಕಿ, ಎಲ್ಲಿಂದ ವಿವೇಚನೆ ಎಂಬುದನ್ನು ತಿಳಿಯುವುದೇ ಈ ವಿದ್ಯೆಯಲ್ಲಿ ಕಷ್ಟದ ಭಾಗ.

ಬೆಳಕಿನ ಸೋಂಕು ಜಾಗಕ್ಕೆ ತಕ್ಕಂತೆ ಬದಲಾಗುವ ಹಾಗೆಯೇ ಒಂದೇ ಚಿತ್ರದ ಕತ್ತಲೆ ಮತ್ತು ಬೆಳಕಿನ ಮಟ್ಟಗಳಲ್ಲೂ ಬದಲಾಗಬಹುದು. ಬೆಳಗಾವಿಯ ಖಡೇಬಜಾರಿನಲ್ಲಿ ಚಳಿಗಾಲದ ಬೆಳಿಗ್ಗೆ ತೆಗೆದ ಚಿತ್ರದಲ್ಲಿ ಬಿಸಿಲು ಬಿದ್ದ ಗೋಡೆಯ ಬಣ್ಣ ಸರಿಯಾಗಿದ್ದು, ಎದುರಿನ ಸಾಲಿನ ನೆರಳು ಮಾತ್ರ ನೀಲಿಯಾಗಿರುವುದು ಸಾಮಾನ್ಯ, ಏಕೆಂದರೆ ಆ ನೆರಳಿಗೆ ಸೂರ್ಯನ ನೇರ ಬೆಳಕಿಲ್ಲದೆ ಆಕಾಶದ ಬೆಳಕಷ್ಟೇ ತಾಗಿರುತ್ತದೆ. ಇದಕ್ಕೆ ಕರ್ವ್ಸ್ ಎಂಬ ಸಾಧನ ತಕ್ಕದ್ದು. ಮೂಲ ಚಿತ್ರದ ಅಳತೆಯನ್ನು ಅಡ್ಡಗೆರೆಯಲ್ಲೂ ತಿದ್ದಿದ ಅಳತೆಯನ್ನು ನಿಲುಗೆರೆಯಲ್ಲೂ ಇಟ್ಟು ಎಳೆದ ಒಂದು ರೇಖೆಯನ್ನು ಬಾಗಿಸುವ ಮೂಲಕ ಪ್ರತಿ ಬಣ್ಣವನ್ನು ಪ್ರತಿ ಮಟ್ಟದಲ್ಲೂ ಬೇರೆಬೇರೆಯಾಗಿ ಹಿಡಿಯಬಹುದು. ನೀಲಿಯ ರೇಖೆಯ ಮೇಲ್ಭಾಗವನ್ನು ಎರಡು ಬಿಂದುಗಳಿಂದ ಬಿಗಿಮಾಡಿ, ಕೆಳಭಾಗವನ್ನು ಮಾತ್ರ ತುಸು ಇಳಿಸಿದರೆ ಬಿಸಿಲಿನ ಗೋಡೆ ಕದಲದೆ ನೆರಳಿನ ನೀಲಿ ತಗ್ಗುತ್ತದೆ.

ಬಣ್ಣ ನಿಖರವಾಗಿರಲೇಬೇಕಾದ ಸಂದರ್ಭಕ್ಕೆ ಖಾನಾಪುರದ ಕುಂಬಾರಿಕೆಯೇ ಉತ್ತಮ ಉದಾಹರಣೆ. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಗ್ರಾಮ ಕುಂಬಾರಿಕೆ ತರಬೇತಿ ಸಂಸ್ಥೆ ಇರುವ ಈ ಊರಿನಲ್ಲಿ ಮಡಕೆಯ ಬಣ್ಣ ಬರೀ ಅಂದದ ವಿಷಯವಲ್ಲ. ಮಣ್ಣಿನಲ್ಲಿರುವ ಕಬ್ಬಿಣದ ಅಂಶವು ಆವಿಗೆಯಲ್ಲಿ ಗಾಳಿ ಚೆನ್ನಾಗಿ ಆಡಿದರೆ ಕೆಂಪಾಗುತ್ತದೆ, ಗಾಳಿ ಕಟ್ಟಿ ಹೊಗೆ ತುಂಬಿದರೆ ಕಪ್ಪಾಗುತ್ತದೆ. ಶಾಖ ಸಾಲದಿದ್ದರೆ ಮಡಕೆ ಮಂಕಾದ ತಿಳಿಗೆಂಪಿನಲ್ಲೇ ಉಳಿಯುತ್ತದೆ. ಹೀಗೆ ಸುಡುವಿಕೆಯ ಪೂರ್ತಿ ಇತಿಹಾಸ ಮಡಕೆಯ ಮೈಮೇಲೆ ಬಣ್ಣವಾಗಿ ಬರೆದಿರುವಾಗ, ವೈಟ್ ಬ್ಯಾಲೆನ್ಸ್ ತಪ್ಪಿದ ಚಿತ್ರವು ಅರೆಬೆಂದ ಮಡಕೆಯನ್ನು ಚೆನ್ನಾಗಿ ಬೆಂದದ್ದೆಂದೂ ಚೆನ್ನಾಗಿ ಬೆಂದದ್ದನ್ನು ಅರೆಬೆಂದದ್ದೆಂದೂ ತೋರಿಸಬಲ್ಲದು. ಇಂಥ ಕೆಲಸಕ್ಕೆ ಬೂದುಹಲಗೆಯೊಂದೇ ಸಾಲದು, 24 ಬಣ್ಣದ ಚೌಕಗಳಿರುವ ವರ್ಣಫಲಕ ಬೇಕು. 1976ರಲ್ಲಿ ಬಳಕೆಗೆ ಬಂದ ಈ ಫಲಕದಲ್ಲಿ ಆರು ಹಂತಗಳ ಬೂದು, ಎರಡು ಬಗೆಯ ಚರ್ಮದ ಬಣ್ಣ, ಎಲೆಯ ಹಸಿರು, ಆಕಾಶದ ನೀಲಿ ಮುಂತಾದವು ಇರುತ್ತವೆ. ಪ್ರತಿ ಚೌಕದ ನಿಜ ಅಳತೆ ಮೊದಲೇ ತಿಳಿದಿರುವುದರಿಂದ ಕ್ಯಾಮೆರಾ ಕಂಡದ್ದಕ್ಕೂ ನಿಜಕ್ಕೂ ಇರುವ ಅಂತರವನ್ನು ತಂತ್ರಾಂಶ ಲೆಕ್ಕಹಾಕಿ, ಆ ಕ್ಯಾಮೆರಾ ಮತ್ತು ಆ ಬೆಳಕಿನ ಜೋಡಿಗೆ ಸರಿಹೊಂದುವ ಪ್ರೊಫೈಲ್ ಎಂಬ ತಿದ್ದುಪಟ್ಟಿಯನ್ನು ರಚಿಸುತ್ತದೆ.

ಖಾನಾಪುರದ ಕಾಡಿನ ಹಸಿರು ಇನ್ನೂ ಸೂಕ್ಷ್ಮವಾದ ಸಮಸ್ಯೆ. 2011ರಲ್ಲಿ ವನ್ಯಜೀವಿಧಾಮವಾಗಿ ಘೋಷಿತವಾದ ಭೀಮಗಡದ ಕಾಡಿನಲ್ಲೂ ಮಲಪ್ರಭೆ ಹುಟ್ಟುವ ಕಣಕುಂಬಿಯ ಸುತ್ತಲೂ ಮಳೆಗಾಲದಲ್ಲಿ ಹತ್ತಾರು ಹಸಿರುಗಳು ಒಟ್ಟಿಗೆ ಇರುತ್ತವೆ: ಗದ್ದೆಯ ಸಸಿಯ ಹಸಿರು ಬೇರೆ, ಪಾಚಿಯದು ಬೇರೆ, ಹಲಸಿನ ಎಲೆಯದು ಬೇರೆ. ಚಿತ್ರದಲ್ಲಿ ಇವೆಲ್ಲ ಸೇರಿ ಒಂದೇ ಹಸಿರು ಗೋಡೆಯಾಗುತ್ತವೆ, ಕಲಿಯುವವರು ಬಣ್ಣದ ಗಾಢತೆಯನ್ನು ಏರಿಸಿ ಅದನ್ನು ಇನ್ನೂ ಕೆಡಿಸುತ್ತಾರೆ. ಅಂಕಿಗಳನ್ನು ನೋಡಿದರೆ ಬಿಸಿಲು ತಾಗಿದ ಎಲೆಯಲ್ಲಿ ಹಸಿರು ಮೊದಲು, ಕೆಂಪು ಎರಡನೆಯದು, ನೀಲಿ ಕೊನೆಯದು ಎಂಬ ಕ್ರಮ ಸಾಮಾನ್ಯವಾಗಿ ಕಾಣುತ್ತದೆ. ನೀಲಿಯು ಕೆಂಪನ್ನು ಮೀರಿದರೆ ಎಲೆ ಪ್ಲಾಸ್ಟಿಕ್ಕಿನದಾಗುತ್ತದೆ. ಹಸಿರುಗಳನ್ನು ಬೇರ್ಪಡಿಸಲು ಅಂತಾರಾಷ್ಟ್ರೀಯ ಪ್ರಕಾಶ ಆಯೋಗವು 1976ರಲ್ಲಿ ಅಂಗೀಕರಿಸಿದ ಲ್ಯಾಬ್ ಎಂಬ ವರ್ಣವ್ಯವಸ್ಥೆ ಬಹು ಉಪಯುಕ್ತ. ಅದರಲ್ಲಿ ಬೆಳಕಿನ ಮಟ್ಟಕ್ಕೆ ಒಂದು ಚಾನೆಲ್ (ಅಂದರೆ ಅಳತೆಯ ಪದರ), ಹಸಿರಿನಿಂದ ಗುಲಾಬಿಗೆಂಪಿನವರೆಗೆ ಒಂದು, ನೀಲಿಯಿಂದ ಹಳದಿಯವರೆಗೆ ಒಂದು. ಬೆಳಕು ಮತ್ತು ಬಣ್ಣ ಬೇರೆಯಾಗಿರುವುದರಿಂದ ಒಂದನ್ನು ಮುಟ್ಟದೆ ಇನ್ನೊಂದನ್ನು ತಿದ್ದಬಹುದು. ಎರಡು ಬಣ್ಣದ ಚಾನೆಲ್‌ಗಳ ರೇಖೆಗಳನ್ನು ನಡುಬಿಂದು ಕದಲದಂತೆ ಸ್ವಲ್ಪ ಕಡಿದಾಗಿಸಿದರೆ, ಬೂದು ಬೂದಾಗಿಯೇ ಉಳಿದು, ಒಂದಕ್ಕೊಂದು ಅಂಟಿಕೊಂಡಿದ್ದ ಹಸಿರುಗಳು ಹಳದಿ ಕಡೆಗೂ ನೀಲಿ ಕಡೆಗೂ ಸರಿದು ಬಿಡಿಬಿಡಿಯಾಗುತ್ತವೆ. ಕೈ ಸ್ವಲ್ಪ ಹೆಚ್ಚಾದರೂ ಚಿತ್ರ ಕ್ಯಾಲೆಂಡರಿನದಾಗುವುದರಿಂದ ಇದನ್ನು ಹಿಡಿತದಲ್ಲಿ ಬಳಸಬೇಕು. ಚೋರ್ಲಾ ಘಾಟಿನ ಮಂಜಿಗಂತೂ ಈ ಉಪಾಯ ಬೇಡವೇ ಬೇಡ. ಹಾಗೆಯೇ, ಕತ್ತಲೆಯನ್ನು ಪೂರ್ತಿ ಕಪ್ಪಿಗೂ ಬೆಳಕನ್ನು ಪೂರ್ತಿ ಬಿಳಿಗೂ ಎಳೆಯುವ ಸ್ವಯಂಚಾಲಿತ ಗುಂಡಿಯನ್ನು ಅಲ್ಲಿ ಒತ್ತಿದರೆ ಮಂಜೇ ಕಾಣೆಯಾಗುತ್ತದೆ.

ಚಿತ್ರದಲ್ಲಿ ಮನುಷ್ಯರಿದ್ದಾಗ ತಿದ್ದುವವನ ಹೊಣೆ ಬೇರೆಯದೇ ಆಗುತ್ತದೆ. ಮದುವೆಯಲ್ಲಿ ಅರಿಷಿಣ ಹಚ್ಚುವ ಶಾಸ್ತ್ರದ ಚಿತ್ರವನ್ನು ಕ್ಯಾಮೆರಾದ ಊಹೆಗೆ ಬಿಟ್ಟರೆ ಅದು ಅರಿಷಿಣವನ್ನೇ ಹಳದಿ ಬೆಳಕೆಂದು ತಿಳಿದು ನೀಲಿ ಬೆರೆಸುತ್ತದೆ, ವಧುವಿನ ಮುಖ ಕಳೆಗುಂದುತ್ತದೆ. ಹಲಗೆ ಹಿಡಿದು ಅಳೆದ ಅಂಕಿ ಇದ್ದರೆ ಅರಿಷಿಣ ಅರಿಷಿಣವಾಗಿಯೇ ಉಳಿಯುತ್ತದೆ. ನಮ್ಮ ನಾಡಿನ ಚರ್ಮದ ಬಣ್ಣ ಎಷ್ಟೇ ಕಪ್ಪಿರಲಿ, ಬಿಳಿಯಿರಲಿ, ಸರಿಯಾದ ಬೆಳಕಿನಲ್ಲಿ ಕೆಂಪು ಹೆಚ್ಚು, ಹಸಿರು ಅದಕ್ಕಿಂತ ಕಡಿಮೆ, ನೀಲಿ ಎಲ್ಲಕ್ಕಿಂತ ಕಡಿಮೆ ಎಂಬ ಕ್ರಮ ತಪ್ಪುವುದಿಲ್ಲ. ಲ್ಯಾಬ್ ವ್ಯವಸ್ಥೆಯಲ್ಲಿ ನೋಡಿದರೆ ಹಳದಿಯ ಅಂಕಿ ಸಾಮಾನ್ಯವಾಗಿ ಗುಲಾಬಿಗೆಂಪಿನದಕ್ಕಿಂತ ಹೆಚ್ಚಿರುತ್ತದೆ. ಹೀಗಿರುವಾಗ ಮುಖವನ್ನು ಬೆಳ್ಳಗೆ, ಗುಲಾಬಿಯಾಗಿ ಮಾಡಿಕೊಡುವ ಸ್ಟುಡಿಯೋ ಪದ್ಧತಿಯನ್ನು ತಿದ್ದುಪಡಿ ಎಂದು ಕರೆಯುವಂತಿಲ್ಲ. ಅಮೆರಿಕದಲ್ಲಿ ಕೊಡಾಕ್ ಸಂಸ್ಥೆಯು ಫೋಟೋ ಲ್ಯಾಬುಗಳಿಗೆ ಹಂಚುತ್ತಿದ್ದ ಶರ್ಲಿ ಕಾರ್ಡ್ ಎಂಬ ಮಾದರಿ ಚಿತ್ರಗಳಲ್ಲಿ ದಶಕಗಳ ಕಾಲ ಬಿಳಿಯ ಮಹಿಳೆಯರೇ ಇದ್ದುದರಿಂದ ಕಪ್ಪು ಚರ್ಮದವರ ಚಿತ್ರಗಳು ಕೆಟ್ಟದಾಗಿ ಮೂಡುತ್ತಿದ್ದವೆಂಬುದು ಈಗ ಎಲ್ಲರೂ ಒಪ್ಪಿದ ಸಂಗತಿ. ಅಲ್ಲಿ ಯಂತ್ರ ಮಾಡಿದ ಅನ್ಯಾಯವನ್ನು ಇಲ್ಲಿ ಕೈಯಾರೆ ಮಾಡಬೇಕಾಗಿಲ್ಲ. ಹೊಲದ ಬಿಸಿಲಲ್ಲಿ ದುಡಿದ ತಂದೆಯ ಮುಖವನ್ನು ಮಗನ ಮದುವೆಯ ಆಲ್ಬಮ್ಮಿನಲ್ಲಿ ಅಳಿಸಿಬಿಟ್ಟರೆ, ಮುಂದಿನ ತಲೆಮಾರಿಗೆ ಆ ಮುಖ ಹಾಗಿತ್ತೆಂದು ತಿಳಿಯುವ ದಾರಿಯೇ ಇರುವುದಿಲ್ಲ.

ಕಲ್ಯಾಣ ಮಂಟಪಗಳ ಎಲ್‌ಇಡಿ ದೀಪಗಳು ತಿದ್ದುವವನ ಶಕ್ತಿಗೂ ಒಂದು ಎಲ್ಲೆಯಿದೆ ಎಂದು ತೋರಿಸಿಕೊಡುತ್ತವೆ. ಅಗ್ಗದ ಎಲ್‌ಇಡಿಯ ಬೆಳಕಿನಲ್ಲಿ ಆಳವಾದ ಕೆಂಪು ಕಿರಣಗಳೇ ಕಡಿಮೆ. ಇಲ್ಲದ ಕಿರಣವನ್ನು ಸೀರೆ ಮರಳಿಸಲಾರದು, ಕ್ಯಾಮೆರಾ ದಾಖಲಿಸಲಾರದು, ಯಾವ ಸ್ಲೈಡರ್ ಕೂಡ ಮರಳಿ ತರಲಾರದು. ಮಾರುವವರು ಹೇಳುವ ಸಿಆರ್‌ಐ ಅಂಕಿಯು ದೀಪವು ಬಣ್ಣಗಳನ್ನು ಎಷ್ಟು ನಿಷ್ಠೆಯಿಂದ ತೋರಿಸುತ್ತದೆಂದು 100ಕ್ಕೆ ಅಳೆದು ಹೇಳುವ ಮಾನವಾದರೂ, ಆ ಸರಾಸರಿಗೆ ಬಳಸುವ ಎಂಟು ಮಾದರಿ ಬಣ್ಣಗಳಲ್ಲಿ ಗಾಢ ಕೆಂಪು ಸೇರಿಲ್ಲ. ಬೆಳಗಾವಿಯ ಶಹಾಪುರದ ನೇಕಾರರ ಸೀರೆಯನ್ನಾಗಲಿ ಮದುವೆಯ ಕುಂಕುಮವನ್ನಾಗಲಿ ಚಿತ್ರಿಸುವವರು ಆ ಕೆಂಪಿನ ಅಂಕಿಯನ್ನು ಬೇರೆಯಾಗಿಯೇ ಕೇಳಿ ದೀಪ ಕೊಳ್ಳಬೇಕು.

ಇದಕ್ಕೆ ವಿರುದ್ಧವಾದ ತೊಂದರೆ, ಅಂದರೆ ಕೆಂಪು ಮಿತಿಮೀರಿ ತುಂಬಿ ಹರಿಯುವುದು, ಬೆಳಗಾವಿಯಲ್ಲಿ ನವೆಂಬರ್ 1ರಂದು ಎದುರಾಗುತ್ತದೆ. ರಾಜ್ಯೋತ್ಸವದ ಮೆರವಣಿಗೆಯಲ್ಲಿ ರಾಣಿ ಚನ್ನಮ್ಮ ವೃತ್ತ ಹಳದಿ-ಕೆಂಪು ಬಾವುಟಗಳಿಂದ ತುಂಬಿದಾಗ ತೆಗೆದ ಚಿತ್ರಗಳಲ್ಲಿ ಬಾವುಟದ ಕೆಂಪು ಪಟ್ಟೆ ಮಡಿಕೆಯೂ ನೆರಿಗೆಯೂ ಇಲ್ಲದ ಸಪಾಟು ಹಾಳೆಯಂತಾಗುವುದು ಸಾಮಾನ್ಯ. ಕೆಂಪು ಚಾನೆಲ್ 255ಕ್ಕೆ ತಾಗಿ ಅಲ್ಲೇ ನಿಂತಿರುತ್ತದೆ, ಆದರೆ ಒಟ್ಟು ಬೆಳಕಿನ ಹಂಚಿಕೆಯನ್ನು ತೋರಿಸುವ ಹಿಸ್ಟೋಗ್ರಾಂ ನಕ್ಷೆಯಲ್ಲಿ ಅದು ಗೊತ್ತಾಗುವುದಿಲ್ಲ. ಮೂರು ಬಣ್ಣಗಳ ನಕ್ಷೆಗಳನ್ನು ಬೇರೆಬೇರೆ ನೋಡಿದವರಿಗಷ್ಟೇ ಗೊತ್ತು. ಚಿತ್ರ ತೆಗೆಯುವಾಗಲೇ ಬೆಳಕಿನಳತೆಯನ್ನು ಒಂದು ಮೆಟ್ಟಿಲು ತಗ್ಗಿಸುವುದು ಮೊದಲ ಪರಿಹಾರ. ಅದು ತಪ್ಪಿದ್ದರೆ ಹಸಿರು ಚಾನೆಲನ್ನು ಪರೀಕ್ಷಿಸಬೇಕು. ಕೆಂಪು ಬಟ್ಟೆಯಿಂದ ಹಸಿರು ಬೆಳಕು ಬಹಳ ಕಡಿಮೆ ಬರುವುದರಿಂದ ಆ ಚಾನೆಲ್ ತುಂಬಿಹೋಗಿರುವುದಿಲ್ಲ, ಬಟ್ಟೆಯ ನೆರಿಗೆಗಳೆಲ್ಲ ಅದರಲ್ಲಿ ಕಪ್ಪುಬಿಳುಪಾಗಿ ಉಳಿದಿರುತ್ತವೆ. ಅದನ್ನು ಪ್ರತಿಮಾಡಿ, ಬಾವುಟದ ಭಾಗಕ್ಕಷ್ಟೇ ಮುಸುಕು ಹಾಕಿ, ಬೆಳಕಿನ ಮಟ್ಟಕ್ಕೆ ಮಾತ್ರ ತಾಗುವಂತೆ ಸ್ವಲ್ಪವೇ ಬೆರೆಸಿದರೆ ಗಾಳಿಗೆ ಬಳುಕುವ ಬಟ್ಟೆ ಮತ್ತೆ ಬಟ್ಟೆಯಾಗುತ್ತದೆ. ಚಾನೆಲ್ ಬೆರಕೆ ಎಂಬ ಈ ತಂತ್ರ ಹಳೆಯದು, ಇಂದಿನ ಒಂದೇ ಗುಂಡಿಯ ತಂತ್ರಾಂಶಗಳಿಂದಾಗಿ ಮರೆಗೆ ಸರಿಯುತ್ತಿರುವುದು ಬೇಸರದ ಸಂಗತಿ.

ಇಷ್ಟೆಲ್ಲ ಕಲಿತರೂ ನೋಡುವ ಪರದೆಯೇ ಸುಳ್ಳು ಹೇಳುತ್ತಿದ್ದರೆ ಪ್ರಯೋಜನವಿಲ್ಲ. ಪರದೆಯ ಬಿಳಿಯನ್ನು 6500 ಕೆಲ್ವಿನ್‌ಗೂ, ಪ್ರಕಾಶವನ್ನು ಚದರ ಮೀಟರಿಗೆ 80ರಿಂದ 120 ಕ್ಯಾಂಡೆಲಾಕ್ಕೂ ಹೊಂದಿಸಿ, ಕಲರಿಮೀಟರ್ ಎಂಬ ಚಿಕ್ಕ ಉಪಕರಣವನ್ನು ಪರದೆಗೆ ತಗಲಿಸಿ ಅದರ ಬಣ್ಣವನ್ನು ಆಗಾಗ ಸರಿಪಡಿಸುವುದು ರೂಢಿ. ಬೀದಿಗೆ ಬಾಗಿಲು ತೆರೆದ ಅಂಗಡಿಯಲ್ಲಿ, ಗುಲಾಬಿ ಅಥವಾ ಹಸಿರು ಬಳಿದ ಗೋಡೆಯ ಎದುರು, ಕಣ್ಣನ್ನು ರಕ್ಷಿಸಲೆಂದು ಪರದೆಯನ್ನು ಹಳದಿಗೊಳಿಸುವ ಸೌಲಭ್ಯವನ್ನು ನಿಲ್ಲಿಸದೆ ಮಾಡಿದ ತಿದ್ದುಪಡಿ ಆ ಕೋಣೆಯ ಬಣ್ಣವನ್ನೇ ಚಿತ್ರಕ್ಕೆ ತಿರುಗುಮುರುಗಾಗಿ ಅಂಟಿಸುತ್ತದೆ. ಮುದ್ರಣದ ಹಂತದಲ್ಲಿ ಇನ್ನೊಂದು ತೊಡಕು ಬರುತ್ತದೆ. 1996ರಲ್ಲಿ ರೂಪುಗೊಂಡ ಎಸ್‌ಆರ್‌ಜಿಬಿ ಎಂಬ ಸಾಮಾನ್ಯ ವರ್ಣವ್ಯಾಪ್ತಿಗಿಂತ 1998ರ ಅಡೋಬಿ ಆರ್‌ಜಿಬಿ ವಿಶಾಲವಾದದ್ದು. ವಿಶಾಲವಾದುದರಲ್ಲಿ ಉಳಿಸಿದ ಕಡತವನ್ನು ಸಾಮಾನ್ಯವಾದದ್ದೆಂದು ಓದುವ ಕಲರ್ ಲ್ಯಾಬಿಗೆ ಕಳಿಸಿದರೆ ಬಣ್ಣಗಳೆಲ್ಲ ಸಪ್ಪೆಯಾಗಿ ಬರುತ್ತವೆ. ಲ್ಯಾಬಿನವರಿಂದ ಅವರ ಕಾಗದದ ಪ್ರೊಫೈಲ್ ಪಡೆದು, ಮುದ್ರಣ ಹೇಗೆ ಬರಬಹುದೆಂಬುದನ್ನು ಪರದೆಯಲ್ಲೇ ಮೊದಲು ನೋಡಿಕೊಳ್ಳುವುದು ಹಣವನ್ನೂ ಜಗಳವನ್ನೂ ಉಳಿಸುತ್ತದೆ.

ಕಲಿಯುವ ಸಾಧನಗಳಿಗೆ ಈಗ ಬಡತನ ಅಡ್ಡಿಯಲ್ಲ. ಡಾರ್ಕ್‌ಟೇಬಲ್, ರಾಥೆರಪಿ, ಗಿಂಪ್ ಎಂಬ ತಂತ್ರಾಂಶಗಳು ಉಚಿತವಾಗಿದ್ದು ಇಲ್ಲಿ ವಿವರಿಸಿದ ಬಹುತೇಕ ಕೆಲಸಗಳನ್ನು ಮಾಡಬಲ್ಲವು. ಖಾನಾಪುರದ ವಿದ್ಯಾರ್ಥಿಯೊಬ್ಬ ಸಾಧಾರಣ ಗಣಕದಲ್ಲೂ ಇವುಗಳನ್ನು ಅಭ್ಯಾಸ ಮಾಡಬಹುದು. ಬೇರೆಯವರು ಬೇರೆ ಬೆಳಕಿಗೆಂದು ಸಿದ್ಧಪಡಿಸಿದ ಪ್ರಿಸೆಟ್ ಎಂಬ ಸಿದ್ಧ ತಿದ್ದುಪಡಿಗಳನ್ನು ಕೊಳ್ಳುವ ಬದಲು, ಒಂದೇ ಮಡಕೆಯನ್ನು ಬಿಸಿಲು, ನೆರಳು, ದೀಪ ಮೂರರಲ್ಲೂ ಚಿತ್ರಿಸಿ, ಮೂರು ಚಿತ್ರಗಳ ಅಂಕಿಗಳನ್ನೂ ಮೂಲ ಮಡಕೆಯನ್ನೂ ಎದುರಿಗಿಟ್ಟುಕೊಂಡು ಒಂದಕ್ಕೊಂದು ಹೊಂದುವವರೆಗೆ ತಿದ್ದುವುದು ಹೆಚ್ಚು ಫಲ ಕೊಡುವ ಅಭ್ಯಾಸ.

ಈ ವಿದ್ಯೆಯ ಉಪಯೋಗ ಮದುವೆಯ ಆಲ್ಬಮ್ಮಿಗೆ ನಿಲ್ಲುವುದಿಲ್ಲ. ಹಲಸಿಯ ಭೂವರಾಹ ನರಸಿಂಹ ದೇವಾಲಯ, ಕಮಲ ಬಸದಿ, ಕೋಟೆಯ ಸಫಾ ಮಸೀದಿಯಂಥ ಕಟ್ಟಡಗಳ ಕಲ್ಲಿನ ಮೇಲೆ ಮಲೆನಾಡ ಅಂಚಿನ ಮಳೆಯಿಂದ ಪಾಚಿ ಹಬ್ಬುವುದು, ತೇವ ಇಳಿಯುವುದು, ಉಪ್ಪು ಹೊರಚೆಲ್ಲುವುದು ಮೊದಲು ಬಣ್ಣದ ಬದಲಾವಣೆಯಾಗಿಯೇ ಕಾಣಿಸಿಕೊಳ್ಳುತ್ತದೆ. ಐದು ವರ್ಷಗಳ ಅಂತರದಲ್ಲಿ ತೆಗೆದ ಎರಡು ಚಿತ್ರಗಳನ್ನು ಹೋಲಿಸಿ ಬದಲಾದದ್ದು ಕಲ್ಲೇ, ಬೆಳಕೇ ಎಂದು ಹೇಳಬೇಕಾದರೆ ಎರಡರಲ್ಲೂ ವರ್ಣಫಲಕ ಇರಬೇಕು, ರಾ ಕಡತಗಳು ಉಳಿದಿರಬೇಕು, ಏನೇನು ತಿದ್ದಲಾಯಿತೆಂಬ ದಾಖಲೆ ಕಡತದ ಜೊತೆಗೇ ಇರಬೇಕು. ಅನೇಕ ರಾ ತಂತ್ರಾಂಶಗಳು ಮೂಲವನ್ನು ಮುಟ್ಟದೆ ತಿದ್ದುಪಡಿಯ ವಿವರಗಳನ್ನು ಬೇರೆ ಪುಟ್ಟ ಕಡತದಲ್ಲಿ ಬರೆದಿಡುವುದರಿಂದ ಈ ದಾಖಲೆ ತಾನಾಗಿಯೇ ಸಿದ್ಧವಾಗುತ್ತದೆ. ಅದನ್ನು ಅಳಿಸದೆ ಚಿತ್ರದ ಜೊತೆಯಲ್ಲೇ ಇಟ್ಟುಕೊಳ್ಳುವುದಷ್ಟೇ ತೆಗೆದವರು ಮಾಡಬೇಕಾದ ಕೆಲಸ.